ಭಾಗ್ಯಜ್ಯೋತಿಯ ಉಡಿ

ನನ್ನ ಮಗಳು ಸತ್ತ ಮರುದಿನ ಮುಂಜಾನೆ ವಿಶ್ವವಿದ್ಯಾಲಯದವರು ಅಭಿನಂದನೆ ಹೇಳಲು ಬಂದರು.

ಕೈಯಲ್ಲಿ ಹೂವಿನ ಗೊಂಚಲಿತ್ತು. ಅದಕ್ಕೆ ಹೊಳೆಯುವ ಕಾಗದ ಸುತ್ತಿದ್ದರು. ಮುಂದೆ ಪ್ರೊಫೆಸರ್ ದೌಲತರಾಯ, ಹಿಂದೆ ಅವರ ಕೈಕೆಳಗೆ ಸಂಶೋಧನೆ ಮಾಡುವ ಹುಡುಗಿ ಶಾಹೀನ. ಅಂಗಳದಲ್ಲಿ ಮಂದಿ ಕುಳಿತದ್ದನ್ನು ಕಂಡು ಪ್ರೊಫೆಸರರು ಮನೆಯಲ್ಲಿ ಏನೋ ಶುಭಕಾರ್ಯವಿದೆ ಎಂದುಕೊಂಡರು. ಚಪ್ಪಲಿ ಬಿಟ್ಟು ನೇರವಾಗಿ ಪಡಸಾಲೆಗೆ ಬಂದರು. ಗೋಡೆಗೆ ಆನಿಸಿ ಕೂಡಿಸಿದ್ದ ನನ್ನ ಮಗಳ ಎದುರು ನಿಂತು ಕೈ ಮುಗಿದರು.

"ಭಾಗ್ಯಜ್ಯೋತಿಯವರೆ, ನಮ್ಮ ಇಡೀ ಅಧ್ಯಯನದಲ್ಲಿ ನಿಮ್ಮಷ್ಟು ಸುಧಾರಣೆ ಇನ್ಯಾರಲ್ಲೂ ಕಂಡಿಲ್ಲ" ಎಂದರು.

ಅವಳು ಉತ್ತರ ಕೊಡಲಿಲ್ಲ. ಅವಳ ಗದ್ದದ ಕೆಳಗೆ ಬಿಳಿ ಅರಿವೆ ಹಾಯಿಸಿ ತಲೆಯ ಮೇಲಿನ ಗೂಟಕ್ಕೆ ಕಟ್ಟಿದ್ದೆವು. ಹಣೆಗೆ ವಿಭೂತಿ ಬಳಿದಿದ್ದೆವು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಕುಳಿತ ಹಾಗೆಯೇ ಹೊತ್ತು ಒಯ್ದು, ಕುಳಿತ ಹಾಗೆಯೇ ಮಣ್ಣಿಗೆ ಕೊಡುತ್ತೇವೆ. ಆದ್ದರಿಂದ ಪ್ರೊಫೆಸರರ ತಪ್ಪು ದೊಡ್ಡದಲ್ಲ. ಅವಳ ಕೊರಳವರೆಗೆ ಒಂದು ಚಾದರ ಹೊದಿಸಿದ್ದೆವು. ಅದರ ಕೆಳಗೆ ಏನು ಉಡಿಸಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಶಾಹೀನ ಬಾಗಿಲಲ್ಲಿಯೇ ನಿಂತಳು. ಅವಳಿಗೆ ಕಂಡ ಕೂಡಲೆ ತಿಳಿಯಿತು. ಗೋಡೆ ಹಿಡಿದು ಕೆಳಗೆ ಕುಳಿತುಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಯ ಹತ್ತಿರ ಬಂದು ಬಚ್ಚಲು ಎಲ್ಲಿದೆ ಎಂದು ಕೇಳಿದಳು. ಕಲಬುರ್ಗಿಯಿಂದ ಹೊರಟಾಗಿನಿಂದ ತಡೆದುಕೊಂಡಿದ್ದಳಂತೆ. ಪ್ರೊಫೆಸರರು ದಾರಿಯಲ್ಲಿ ಒಂದು ಜಾಲಿಗಿಡದ ಹಿಂದೆ ಹೋಗಿ ಬಂದಿದ್ದರು. ನಾನು ಬಚ್ಚಲು ತೋರಿಸಿದೆ. ಹೊರಗೆ ಬಂದ ಮೇಲೆ ಅತ್ತಳು.

ನಾನು ಸುಭದ್ರಾಬಾಯಿ. ಹಿರೋಳ್ಳಿಯ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಓದು ಬರಹ ಕಲಿಸಿ ನಿವೃತ್ತಳಾದವಳು. ಊರವರು ಅಕ್ಕೋರು ಎನ್ನುತ್ತಾರೆ. ಗಂಡ ತೀರಿ ಬಹಳ ವರ್ಷವಾಯಿತು. ದಿನಕ್ಕೆ ಎರಡು ಹೊತ್ತು ಲಿಂಗಪೂಜೆ ಮಾಡುತ್ತೇನೆ. ಇದ್ದವಳು ಒಬ್ಬಳೇ ಮಗಳು. ಅವಳು ಹುಟ್ಟಿದಾಗ ನಾವು ಸಂತೋಷಕುಮಾರ ಎಂದು ಹೆಸರಿಟ್ಟಿದ್ದೆವು. ಕೂಸಿಗೆ ಅಯ್ಯನವರು ಬಂದು ಇಷ್ಟಲಿಂಗ ಕಟ್ಟಿದರು. ಗಂಡು ಕೂಸಿಗೆ ಒಂದು ಬಗೆ, ಹೆಣ್ಣು ಕೂಸಿಗೆ ಒಂದು ಬಗೆ ಎಂದು ಅದರಲ್ಲಿ ಇಲ್ಲ. ಮುಂದೆ ಕಾಲೇಜಿನಿಂದ ಬಂದು, ಅವ್ವಾ ನಾನು ಹೆಣ್ಣು ಎಂದು ಹೇಳಿದ ದಿನವೂ ಅವಳ ಕೊರಳಲ್ಲಿ ಅದೇ ಇತ್ತು. ನಾನು ಅದನ್ನು ನೋಡಿದೆ. ಅದು ಬೇಡ ಎನ್ನಲಿಲ್ಲ. ನಾನೂ ಎನ್ನಲಿಲ್ಲ.

ಭಾಗ್ಯಜ್ಯೋತಿ ಎಂಬ ಹೆಸರು ಅವಳೇ ಇಟ್ಟುಕೊಂಡದ್ದು. ಸರಕಾರ ಹಿಂದೆ ಬಡವರ ಮನೆಗೆ ಒಂದೇ ಬಲ್ಬಿನ ಕರೆಂಟು ಕೊಟ್ಟಿತ್ತಲ್ಲ, ಅದರ ಹೆಸರೂ ಅದೇ. ಕಟ್ಟೆಯ ಮೇಲೆ ಕುಳಿತವರಿಗೆ ಇಷ್ಟು ಸಾಕಾಯಿತು. ಅವಳು ಹಾದು ಹೋಗುವಾಗ, ಮೀಟರ್ ಇಲ್ಲದ ಕರೆಂಟು ಬಂತು ನೋಡ್ರಲೇ ಎನ್ನುತ್ತಿದ್ದರು. ಅವಳು ನಕ್ಕು, ಆದ್ರೂ ಉರೀತೇನಿ ನೋಡ್ರಿ ಎಂದು ಹೇಳಿ ಬಸ್ಸಿಗೆ ಹೋಗುತ್ತಿದ್ದಳು.

ಡಿ.ಎಡ್. ಮುಗಿಸಿದ್ದಳು. ಶಾಲೆಗಳು, ಮಕ್ಕಳು ಹೆದರುತ್ತಾರೆ ಎಂದು ತಿರುಗಿ ಕಳಿಸಿದವು. ಮಕ್ಕಳು ಹೆದರಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಆಳಂದದ ಒಂದು ದಾಲ್ ಮಿಲ್ಲು ಸೇರಿದಳು. ತೊಗರಿ ಚೀಲ ಹೊರಬೇಕು. ಯಂತ್ರದ ಬಾಯಿಗೆ ಸುರಿಯಬೇಕು. ಬೇಳೆ ಹಸನು ಮಾಡಬೇಕು. ಚೀಲ ಹೊರಿಸುವಾಗ ಅವಳು ಗಂಡಸು. ಪಗಾರ ಕೊಡುವಾಗ ಹೆಂಗಸು. ಸಂಡಾಸಕ್ಕೆ ಹೋಗುವಾಗ ಯಾರೂ ಅಲ್ಲ.

ಮಿಲ್ಲಿನಲ್ಲಿ ಎರಡು ಸಂಡಾಸ. ಒಂದರ ಬಾಗಿಲ ಮೇಲೆ ಮೀಸೆಯ ಚಿತ್ರ. ಇನ್ನೊಂದರ ಮೇಲೆ ಬಳೆಯ ಚಿತ್ರ. ಅವಳು ಕೆಲಸಕ್ಕೆ ಬಂದ ಮೇಲೆ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಬಳೆಯ ಬಾಗಿಲಿಗೆ ಬೀಗ ಹಾಕಿದ. ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಹೆಂಗಸರು ಕೇಳಿದರೆ ಕೊಡುತ್ತಿದ್ದ. ಅವಳು ಕೇಳಿದರೆ ನಗುತ್ತಿದ್ದ. ಮೀಸೆಯ ಬಾಗಿಲೊಳಗೆ ಅವಳು ಒಮ್ಮೆ ಹೋದಳು. ಹಮಾಲರು ಬಾಗಿಲು ತಳ್ಳಿ ನಿಂತು ನೋಡಿದರು. ಮತ್ತೆ ಹೋಗಲಿಲ್ಲ. ಜೊತೆಗೆ ದುಡಿಯುವ ಮುಮತಾಜ ಒಂದೆರಡು ಸಲ ತನ್ನ ಬುರ್ಖಾ ತೊಡಿಸಿ ಒಳಗೆ ಕಳಿಸಿದಳು. ಬುರ್ಖಾ ಮೊಣಕಾಲಿಗೆ ಬಂದಿತ್ತು. ಮುಕಾದಮ ಹಿಡಿದ. ಆಮೇಲೆ ಮುಮತಾಜಳನ್ನೂ ಚೀಲ ಹೊರಲು ಹಾಕಿದರು.

ನನ್ನ ಮಗಳು ನೀರು ಕುಡಿಯುವುದನ್ನು ಬಿಟ್ಟಳು. ತೊಗರಿಯ ದೂಳಿನಲ್ಲಿ, ಬೇಸಿಗೆಯಲ್ಲಿ, ಗಂಟಲು ಒಣಗಿಸಿಕೊಂಡು ದುಡಿದಳು. ಸಂಜೆ ಬಸ್ಸಿಳಿದು ಓಡುತ್ತ ಮನೆಗೆ ಬರುತ್ತಿದ್ದಳು. ಆ ಹೊತ್ತಿಗೆ ನಾನು ಬಚ್ಚಲ ಬಾಗಿಲನ್ನು ತೆರೆದೇ ಇಟ್ಟಿರುತ್ತಿದ್ದೆ.

ಮೊದಲು ಉರಿ ಬಂತು. ಆಮೇಲೆ ಚಳಿಜ್ವರ. ಆಮೇಲೆ ಸೊಂಟ ಹಿಡಿದುಕೊಂಡು ಮಲಗಿದಳು. ದವಾಖಾನೆಗೆ ಒಯ್ದೆ. ಗಂಡಸರ ವಾರ್ಡಿನವರು, ಸೀರೆ ಉಟ್ಟಾಳ, ಆ ಕಡೆ ಒಯ್ಯಿರಿ ಎಂದರು. ಹೆಂಗಸರ ವಾರ್ಡಿನವರು ಚೀಟಿಯಲ್ಲಿ ಸಂತೋಷಕುಮಾರ ಎಂದಿದೆ, ಆ ಕಡೆ ಒಯ್ಯಿರಿ ಎಂದರು. ಎರಡು ವಾರ್ಡುಗಳ ನಡುವಿನ ಓಣಿಯಲ್ಲಿ ಒಂದು ಮರದ ಬಾಕಿನ ಮೇಲೆ ಮಲಗಿಸಿದರು. ತಡೆದು ತಡೆದು ಮೂತ್ರಪಿಂಡದಲ್ಲಿ ಕೀವಾಗಿದೆ, ಅದು ರಕ್ತಕ್ಕೆ ಇಳಿದಿದೆ ಎಂದು ಡಾಕ್ಟರು ಹೇಳಿದರು. ಅವರು ಒಳ್ಳೆಯವರೇ. ಜಾಗ ಮಾತ್ರ ಅವರ ಕೈಯಲ್ಲಿರಲಿಲ್ಲ. ಆ ಬಾಕಿನ ಮೇಲೆಯೇ ಸಂಜೆ ಅವಳು ಶಿವನ ಪಾದ ಸೇರಿದಳು. ಆಗಲೂ ಎರಡೂ ಕಡೆಯ ಬಾಗಿಲುಗಳು ಮುಚ್ಚಿದ್ದವು.

ಇನ್ನು ಈ ಅಧ್ಯಯನದ ಸಂಗತಿ. ನಾಲ್ಕು ಮಂದಿಯ ಹಾಗೆ ಇಲ್ಲದವರು ನಾಲ್ಕು ಮಂದಿಯ ನಡುವೆ ಬದುಕುವಾಗ ಅವರ ಮನಸ್ಸಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಅಳೆಯುವ ಕೆಲಸ ಅದು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಲ್ಲಿ ಜನರನ್ನು ಹುಡುಕಿದ್ದರು. ಶಾಹೀನ ನಮ್ಮ ಮನೆಗೆ ಬಂದು ರೊಟ್ಟಿ ಉಂಡಿದ್ದಳು. ಮಗಳ ಎಡಗೈಗೆ ಗಡಿಯಾರದಂಥ ಒಂದು ಪಟ್ಟಿ ಕಟ್ಟಿದ್ದಳು. ಅದು ಮೈಯ ಬೆವರು ನೋಡಿ ಮನಸ್ಸಿನ ಭಾರ ತಿಳಿದುಕೊಂಡು ಪ್ರೊಫೆಸರರ ಫೋನಿಗೆ ಹೇಳುತ್ತದೆ. ಮಿಂದರೂ ತೆಗೆಯಬಾರದು, ಮಲಗಿದರೂ ತೆಗೆಯಬಾರದು ಎಂದಿದ್ದಳು. ಕಡೆಯ ಸ್ನಾನ ಮಾಡಿಸುವಾಗಲೂ ನಾನು ತೆಗೆಯಲಿಲ್ಲ. ಹೇಳಿದ ಮಾತು ಮೀರುವ ಮನೆ ನಮ್ಮದಲ್ಲ.

ಶಾಹೀನ ಪ್ರಶ್ನೆಗಳನ್ನೂ ಕೇಳಿದ್ದಳು. ನಿಮ್ಮನ್ನು ಕಂಡು ಜನ ಮುಖ ತಿರುಗಿಸುತ್ತಾರೆಯೇ, ಸದಾ, ಆಗಾಗ, ಅಪರೂಪಕ್ಕೆ. ನಿಮಗೆ ನಿಮ್ಮ ಬಗ್ಗೆ ನಾಚಿಕೆಯೇ, ಸದಾ, ಆಗಾಗ, ಅಪರೂಪಕ್ಕೆ. ನನ್ನ ಮಗಳು ಎಲ್ಲಕ್ಕೂ ಉತ್ತರ ಕೊಟ್ಟು ಕೊನೆಗೆ, "ಅಲ್ರೀ, ಸಂಡಾಸದ್ದು ಕೇಳಲೇ ಇಲ್ಲಲ್ರಿ?" ಎಂದಳು. ಪ್ರಶ್ನೆಗಳನ್ನು ಸಮಿತಿ ಒಪ್ಪಿದೆ, ಹೊಸದು ಸೇರಿಸಲು ಬರುವುದಿಲ್ಲ ಎಂದು ಶಾಹೀನ ಹೇಳಿದಳು. ಇಬ್ಬರೂ ನಕ್ಕಿದ್ದರು.

ಈಗ ಪ್ರೊಫೆಸರರಿಗೆ ಸಂಗತಿ ಗೊತ್ತಾಯಿತು. ಅವರು ಹೂವಿನ ಗೊಂಚಲನ್ನು ಏನು ಮಾಡಬೇಕೆಂದು ತಿಳಿಯದೆ ಅವಳ ಕಾಲ ಬಳಿ ಇಟ್ಟರು. ಅದು ಹೇಗೂ ಸಲ್ಲುವ ಹಾಗಿತ್ತು. ಆದರೂ ಅವರಿಗೆ ನಂಬಿಕೆ ಬರಲಿಲ್ಲ. ಫೋನು ತೆಗೆದು ನನಗೆ ತೋರಿಸಿದರು. ದಿನಾ ಮಧ್ಯಾಹ್ನ ಒಂದು ಗುಡ್ಡ ಏಳುತ್ತಿತ್ತು. ಸಂಜೆಯವರೆಗೆ ಅದು ಬೆಳೆಯುತ್ತಿತ್ತು. ನಿನ್ನೆ ಸಂಜೆಯಿಂದ ಗುಡ್ಡವಿಲ್ಲ. ಬರಿಯ ಬಯಲು. ಹಸಿರು ಬಣ್ಣದಲ್ಲಿ, ಶಾಂತ ಎಂದು ಬರೆದಿತ್ತು.

"ಅಮ್ಮನವರೆ, ನಿನ್ನೆ ಸಂಜೆಯಿಂದ ಏನು ಬದಲಾಯಿತು, ನೆನಪು ಮಾಡಿಕೊಂಡು ಹೇಳ್ತೀರಾ?" ಎಂದು ಕೇಳಿದರು.

ನನಗೆ ಆಗ ಬೇರೆ ಚಿಂತೆ ಇತ್ತು. ನನ್ನ ಮಗಳು ಹೆಣ್ಣಾಗಿ ಮಣ್ಣಿಗೆ ಹೋಗಬೇಕು. ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ನಾನು ಶಿವನ ಹತ್ತಿರವೂ ಕೇಳಿರಲಿಲ್ಲ.

ನನ್ನ ಮೈದುನ ಚಂದ್ರಾಮಪ್ಪ ಧೋತರ, ರುಮಾಲು ತಂದು ಅವಳ ಬಲಗಡೆ ಇಟ್ಟಿದ್ದ. ಮುಮತಾಜ ಹಸಿರು ಬಳೆ ತಂದು ಎಡಗಡೆ ಇಟ್ಟಿದ್ದಳು. ನಾನು ಹಸಿರು ಸೀರೆ ಇಟ್ಟಿದ್ದೆ. ಯುಗಾದಿಗೆ ಉಡಬೇಕೆಂದು ಅವಳೇ ತಂದದ್ದು. ಮಡಿಕೆ ಬಿಚ್ಚಿರಲಿಲ್ಲ. ಚಂದ್ರಾಮಪ್ಪನ ಮಾತು ಒಂದೇ. ಅಣ್ಣನ ವಂಶಕ್ಕೆ ಇದ್ದವನು ಒಬ್ಬನೇ ಮಗ. ಅವನನ್ನು ಸೀರೆ ಉಡಿಸಿ ಬೀದಿಯಲ್ಲಿ ಹೊತ್ತರೆ ತಾನು ತಲೆ ಎತ್ತಿ ನಡೆಯುವುದು ಹೇಗೆ ಎಂದು. ತಾನು ತಲೆ ಎತ್ತಿ ನಡೆಯಬೇಕಾದುದರಿಂದ ಅವಳು ರುಮಾಲು ಸುತ್ತಿಕೊಳ್ಳಬೇಕಿತ್ತು.

ನಮ್ಮಲ್ಲಿ ಹೆಣ್ಣುಮಗಳನ್ನು ಕಳಿಸುವಾಗ ಉಡಿ ತುಂಬುತ್ತೇವೆ. ಗಂಡನ ಮನೆಗೆ ಕಳಿಸಿದರೂ ಸರಿ, ಮಣ್ಣಿಗೆ ಕಳಿಸಿದರೂ ಸರಿ. ಉಡಿ ತುಂಬದೆ ಹೋದವಳು ಬರಿಗೈಯಲ್ಲಿ ಹೋದಂತೆ. ಮುತ್ತೈದೆಯರು ತುಂಬಬೇಕು. ಮುತ್ತೈದೆಯರು ಅಡಿಗೆಮನೆಯ ಬಾಗಿಲಲ್ಲಿ ಕುಳಿತಿದ್ದರು. ಮುಂಜಾನೆಯಿಂದ ಒಬ್ಬಳೂ ಎದ್ದಿರಲಿಲ್ಲ.

ಪ್ರೊಫೆಸರರು ಪಟ್ಟಿ ವಾಪಸು ಬೇಕೆಂದರು. ಅದು ವಿಶ್ವವಿದ್ಯಾಲಯದ ಸೊತ್ತು. ಅಷ್ಟರಲ್ಲಿ ಅಯ್ಯನವರು ಅವಳ ಎಡಗೈಯಲ್ಲಿ ಇಷ್ಟಲಿಂಗವಿಟ್ಟು ಬೆರಳು ಮಡಿಸಿ, ಮಣಿಕಟ್ಟಿನವರೆಗೆ ಅರಿವೆ ಸುತ್ತಿ ಕಟ್ಟಿಯಾಗಿತ್ತು. ಪಟ್ಟಿ ಅದರೊಳಗೆ ಸಿಕ್ಕಿತ್ತು. ಕಟ್ಟಿದ್ದನ್ನು ಬಿಚ್ಚಲು ಬರುವುದಿಲ್ಲ ಎಂದು ಅಯ್ಯನವರು ಹೇಳಿದರು. ಅಯ್ಯನವರು ಮೆತ್ತಗಿನ ಮನುಷ್ಯ. ಅವರು ಖಚಿತವಾಗಿ ಹೇಳಿದ ಮಾತು ಅಂದು ಇದೊಂದೇ.

ಆ ಹೊತ್ತಿಗೆ ನನ್ನ ಮಗಳ ಕೈ ನಡುಗಿತು.

ಅರಿವೆಯೊಳಗಿಂದ ಗುರ್ ಗುರ್ ಎಂದು ಸಪ್ಪಳ ಬಂತು. ಅಂಗೈ ಅಲುಗಿತು. ಅಡಿಗೆಮನೆಯ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಚಂದ್ರಾಮಪ್ಪ ತಾನೇ ತಂದ ಧೋತರ ತುಳಿದು ಹಿತ್ತಲಿಗೆ ಓಡಿದ. ಅಯ್ಯನವರು ಕಣ್ಣು ಮುಚ್ಚಿ ಶಿವಮಂತ್ರ ಹಿಡಿದರು. ನಾನು ಮಾತ್ರ ಹತ್ತಿರ ಹೋದೆ. ಭಾಗ್ಯಾ ಎಂದು ಕರೆದೆ. ತಾಯಿಯಾದವಳು ಕರೆಯದೆ ಇರಲಾರಳು.

ಶಾಹೀನ ನನ್ನ ಭುಜ ಹಿಡಿದಳು. "ಅದು ಪಟ್ಟೀದ್ರಿ ಅಮ್ಮಾ" ಎಂದಳು. ಮನುಷ್ಯರು ಬಹಳ ಹೊತ್ತು ಕುಳಿತೇ ಇದ್ದರೆ ಅದು ನಡುಗಿ ಎಬ್ಬಿಸುತ್ತದೆಯಂತೆ. ಪ್ರೊಫೆಸರರ ಫೋನಿನಲ್ಲಿ ಅಕ್ಷರ ಮೂಡಿತ್ತು. ಬಹಳ ಹೊತ್ತಿನಿಂದ ಕುಳಿತಿದ್ದೀರಿ, ಎದ್ದು ಸ್ವಲ್ಪ ನಡೆದಾಡಿ ಎಂದು.

ಓಡಿ ಹೋದವರು ಒಬ್ಬೊಬ್ಬರಾಗಿ ಮರಳಿದರು. ಹೆದರಿದ್ದು ಗೊತ್ತಾಗಬಾರದೆಂದು ಯಂತ್ರದ ಬಗ್ಗೆ ವಿಚಾರಿಸತೊಡಗಿದರು. ಪ್ರೊಫೆಸರರಿಗೆ ಉತ್ಸಾಹ ಬಂತು. ಚೀಲದಿಂದ ಇನ್ನೊಂದು ಪಟ್ಟಿ ತೆಗೆದರು. ಹೋಲಿಸಿ ನೋಡಲು ಸಾಮಾನ್ಯ ಗಂಡಸರು ಬೇಕಾಗಿದ್ದಾರೆ, ಎಷ್ಟು ಕೇಳಿದರೂ ಯಾರೂ ಒಪ್ಪುತ್ತಿಲ್ಲ ಎಂದರು. ಸಾಮಾನ್ಯ ಗಂಡಸರು ಅಂಗಳ ತುಂಬ ಕುಳಿತಿದ್ದರು. ಚಂದ್ರಾಮಪ್ಪ ಮೊದಲು ಕೈ ಚಾಚಿದ. ಫೋನು ಕೆಂಪಾಯಿತು.

"ನೋಡ್ರಿ. ನನಗ ಟೆನ್ಶನ್ ಭಾಳ ಅದ. ಯಾರಿಗೂ ಹೇಳಂಗಿಲ್ಲ ಅಷ್ಟ" ಎಂದು ಎಲ್ಲರ ಕಡೆಗೆ ತಿರುಗಿ ಹೇಳಿದ.

ಕೆಂಪು ಬಂದದ್ದು ದೊಡ್ಡಸ್ತಿಕೆಯಾಯಿತು. ಉಳಿದವರು ಸಾಲಿಗೆ ನಿಂತರು. ಹೆಣದ ಮುಂದೆ ಸಾಲು ಅಂಗಳ ದಾಟಿ ಬೀದಿಗೆ ಹೋಯಿತು. ಒಬ್ಬ ತನಗೆ ಹಳದಿ ಬಂದದ್ದಕ್ಕೆ ಇನ್ನೊಮ್ಮೆ ನೋಡ್ರಿ ಎಂದು ಜಗಳ ತೆಗೆದ. ತನ್ನ ಹೆಂಡತಿಯನ್ನು ನೋಡಿದರೆ ಸಾಹೇಬರಿಗೆ ಗೊತ್ತಾಗುತ್ತದೆ ಎಂದ. ಅಯ್ಯನವರೂ ಜಪಮಾಲೆ ಸರಿಸಿ, ನಮ್ಮದೂ ಎಷ್ಟು ಬರುತ್ತದೆ ನೋಡ್ರಿ ಎಂದು ಮೆಲ್ಲಗೆ ಮಣಿಕಟ್ಟು ಚಾಚಿದರು. ಕೊನೆಗೆ ಮತ್ತೆ ಚಂದ್ರಾಮಪ್ಪನೇ ಪಟ್ಟಿ ಕಟ್ಟಿಸಿಕೊಂಡ. ಅವನಿಗಿಂತ ಕೆಂಪು ಯಾರಿಗೂ ಬರಲಿಲ್ಲ. ಇಷ್ಟು ಜನರ ನಡುವೆ ಶಾಂತವಾಗಿದ್ದವಳು ನನ್ನ ಮಗಳೊಬ್ಬಳೇ. ನನ್ನ ಕೈಯನ್ನು ಯಾರೂ ಕೇಳಲಿಲ್ಲ. ಅಡಿಗೆಮನೆಯ ಬಾಗಿಲಿಗೂ ಯಾರೂ ಪಟ್ಟಿ ಒಯ್ಯಲಿಲ್ಲ.

ಹೊತ್ತು ಏರಿತು. ಒಬ್ಬ ಹಿರಿಯರಿಗೆ ತೀರ್ಮಾನ ಮಾಡಬೇಕೆನಿಸಿತು. ಬಲಗಡೆ ಅರ್ಧ ಧೋತರ, ಎಡಗಡೆ ಅರ್ಧ ಸೀರೆ ಉಡಿಸಿದರೆ ಹೇಗೆ, ಶಿವನೇ ಹಾಗೆ ನಿಂತಿದ್ದಾನಲ್ಲ ಎಂದರು. ರುಮಾಲು ಅರ್ಧ ತಲೆಗೆ ನಿಲ್ಲುವುದಿಲ್ಲ ಎಂದು ಇನ್ನೊಬ್ಬರು ಹೇಳಿದರು. ಸೂಜಿ ಹಚ್ಚಿದರೆ ನಿಲ್ಲುತ್ತದೆ ಎಂದು ಮತ್ತೊಬ್ಬರು ಹೇಳಿದರು. ಅದರ ಮೇಲೆ ಬಹಳ ಚರ್ಚೆಯಾಯಿತು. ಆಗ ಚಂದ್ರಾಮಪ್ಪ ತನ್ನ ಕಡೆಯಿಂದ ಒಂದು ದಾರಿ ತೆಗೆದ. ಊರೊಳಗೆ ಧೋತರದಲ್ಲಿ ಒಯ್ಯೋಣ, ಕುಣಿಯೊಳಗೆ ಇಳಿಸಿದ ಮೇಲೆ ಬೇಕಿದ್ದರೆ ಮೇಲಿಂದ ಸೀರೆ ಹೊದಿಸೋಣ.

"ಮಂದಿ ನೋಡೋದು ದಾರ್ಯಾಗ. ದೇವ್ರು ನೋಡೋದು ಕುಣ್ಯಾಗ. ಇಬ್ರಿಗೂ ಸಮಾಧಾನ ಆಗ್ತದ" ಎಂದ.

ಯಾರೋ ಪ್ರೊಫೆಸರರ ಕಡೆ ತಿರುಗಿ, ಇದನ್ನೇ ಓದಿದ ಸಾಹೇಬರು ಇಲ್ಲೇ ಇದ್ದಾರೆ, ಅವರೇ ಹೇಳಲಿ ಎಂದರು. ಗಂಡೋ ಹೆಣ್ಣೋ ಹೇಳಿಬಿಡಲಿ, ಕೇಳುತ್ತೇವೆ ಎಂದರು. ಪ್ರೊಫೆಸರರು ಕನ್ನಡಕ ಒರೆಸಿಕೊಂಡರು. ತಮ್ಮ ಅಧ್ಯಯನ ಎರಡೇ ಬಗೆಯನ್ನು ಒಪ್ಪುವುದಿಲ್ಲ, ಹೆಣ್ಣುಮಕ್ಕಳ ಹೋರಾಟದಿಂದಲೇ ಇಂಥ ತಿಳಿವಳಿಕೆ ಬಂದಿದೆ, ಅದನ್ನು ತಾವು ಬಹಳ ಗೌರವಿಸುತ್ತೇವೆ ಎಂದು ಹೇಳಿದರು. ಭಾಗ್ಯಜ್ಯೋತಿಯವರನ್ನು ತಮ್ಮ ಲೆಕ್ಕದಲ್ಲಿ ಇತರೆ ಎಂದು ಬರೆದಿದೆ ಎಂದರು.

ಹಿರಿಯರು ಕೈ ಕಟ್ಟಿಕೊಂಡು ವಿನಯದಿಂದ ಕೇಳಿದರು. "ಸಾಹ್ಯಾಬ್ರ, ಇತರೆಗೆ ಏನು ಉಡಿಸಬೇಕ್ರಿ?"

ಪ್ರೊಫೆಸರರು, ಅದರ ಮೇಲೆ ಇನ್ನೂ ಅಧ್ಯಯನವಾಗಬೇಕು ಎಂದರು. ಮಾತು ಮರೆಸಲು ಮತ್ತೆ ನನ್ನ ಕಡೆ ತಿರುಗಿದರು. ನಿನ್ನೆ ಸಂಜೆಯಿಂದ ಬದಲಾದದ್ದು ಏನು ಎಂದು ತಾವು ಇನ್ನೂ ಹೇಳಲಿಲ್ಲ ಎಂದರು.

ನಾನು ಎದ್ದೆ. ಬಹಳ ಹೊತ್ತು ಕುಳಿತಿದ್ದರಿಂದ ಮೊಣಕಾಲು ಹಿಡಿದಿತ್ತು.

"ಹೇಳ್ತೇನಿ, ಬರ್ಕೋರಿ. ನಿನ್ನಿ ಸಂಜಿಯಿಂದ ಆಕೀಗಿ ಉಚ್ಚಿ ಬಂದಿಲ್ಲ."

ಈ ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವಳು ನಾನು. ನನ್ನ ಬಾಯಿಂದ ಆ ಮಾತನ್ನು ಅವರು ಕೇಳಿರಲಿಲ್ಲ.

"ದಿನಾ ಮಧ್ಯಾಹ್ನ ಗುಡ್ಡ ಏಳ್ತಿತ್ತು ಅಂತ ತೋರಿಸಿದ್ರಲ್ಲ, ಆ ಗುಡ್ಡ ಮನಸ್ಸಿಂದಲ್ಲ. ಉಚ್ಚೀದು. ಎರಡು ಬಾಗಲಾ ಇದ್ದೂ ಒಂದೂ ತೆಗೀಲಿಲ್ಲ ಆಕೀಗಿ. ಆಕಿ ಮನಸ್ಸು ಗಟ್ಟಿ ಇತ್ತು. ಉಚ್ಚಿ ತಡದು ಸತ್ತಾಳ."

ಚಂದ್ರಾಮಪ್ಪ ತಲೆ ತಗ್ಗಿಸಿ, "ವೈನಿ, ಗಂಡಸರು ಕುಂತಾರ" ಎಂದ.

"ಕುಂತಾರ. ಮುಂಜಾನಿಂದ ಕುಂತಾರ. ಆ ಪಟ್ಟಿ ಏಳ್ರಿ ಅಂದದ್ದು ನಿಮಗ. ಏಳ್ರಿ ಎಲ್ಲಾರೂ. ಹೊರಗ ನಡೀರಿ. ನನ್ನ ಮಗಳಿಗಿ ಸೀರಿ ಉಡಸ್ತೇನಿ."

ಅವರು ಎದ್ದರು. ಪಾಠ ಒಪ್ಪಿಸದ ಮಕ್ಕಳನ್ನು ಹೊರಗೆ ನಿಲ್ಲಿಸುವಾಗಿನ ದನಿ ನನ್ನಲ್ಲಿ ಇನ್ನೂ ಉಳಿದಿತ್ತು.

ಮುಮತಾಜ ಬಾಗಿಲು ಹಾಕಿದಳು. ನಾವಿಬ್ಬರೂ ಸೇರಿ ಸೀರೆ ಉಡಿಸಿದೆವು. ಸತ್ತ ಮೈ ಭಾರ. ಚೀಲ ಹೊತ್ತು ಹೆಗಲ ಮೇಲೆ ಕಟ್ಟಿದ್ದ ದಡ್ಡು ಕೈಗೆ ಹತ್ತಿತು. ಹೊಟ್ಟೆಯ ಕೆಳಗೆ ಬಾವು ಇನ್ನೂ ಇಳಿದಿರಲಿಲ್ಲ. ಅಲ್ಲಿ ಗಂಟು ಬಿಗಿಯದಂತೆ ಸಡಿಲಾಗಿ ಉಡಿಸಿದೆ. ಮುಮತಾಜ ಅವಳ ಬಲಗೈಗೆ ಬಳೆ ಇಟ್ಟಳು. ಎಡಗೈ ಕಟ್ಟಿಯಾಗಿತ್ತು. ಆ ಕೈಗೆ ಒಳಗಿದ್ದ ಪಟ್ಟಿಯೇ ಬಳೆಯಾಯಿತು.

ಉಡಿ ಉಳಿಯಿತು. ಅಡಿಗೆಮನೆಯ ಬಾಗಿಲ ಕಡೆ ನೋಡಿದೆ. ಮುತ್ತೈದೆಯರು ನೆಲ ನೋಡಿದರು. ಒಬ್ಬಳು ಏಳಲು ಹೋದಳು. ಅವಳ ಅತ್ತೆ ಸೆರಗು ಹಿಡಿದು ಕೂಡಿಸಿದಳು. ನಾನು ಗಂಡ ಸತ್ತವಳು. ನಮ್ಮ ಮನೆಯಲ್ಲಿ ಬಸವಣ್ಣನವರ ಫೋಟೋ ಇದೆ. ಗಂಡ ಸತ್ತವಳು ಉಡಿ ಮುಟ್ಟಬಾರದು ಎಂಬುದೂ ಅದೇ ಮನೆಯಲ್ಲಿ ಇದೆ. ಇಷ್ಟು ವರ್ಷ ಎರಡೂ ಒಂದೇ ಗೋಡೆಯ ಕೆಳಗೆ ಹೇಗಿದ್ದವೋ. ನಾನು ಮೊರ ತೆಗೆದುಕೊಂಡೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಅಡಿಕೆ, ಕುಬಸದ ಖಣ. ಅವಳ ಸೆರಗು ಹಿಡಿದು ಮುಮತಾಜ ನಿಂತಳು. ನಾನು ನನ್ನ ಬರಿಗೈಯಿಂದ ತುಂಬಿದೆ. ಶಾಹೀನ ಬಂದು ಒಂದು ಹಿಡಿ ಅಕ್ಕಿ ಹಾಕಲೇ ಎಂದು ಕೇಳಿದಳು. ಹಾಕವ್ವಾ ಎಂದೆ. ಆಮೇಲೆ ಅಡಿಗೆಮನೆಯಿಂದ ಆ ಹುಡುಗಿ ಅತ್ತೆಯ ಕೈ ಬಿಡಿಸಿಕೊಂಡು ಬಂದಳು.

ತಂಬಿಗೆಯಲ್ಲಿ ನೀರು ತಂದು ಅವಳ ತುಟಿಗೆ ಹಿಡಿದೆ. ಕುಡಿಯವ್ವಾ, ಇನ್ನು ಎಷ್ಟು ಬೇಕಾದರೂ ಕುಡಿ ಎಂದೆ. ನೀರು ಗದ್ದದ ಮೇಲೆ ಇಳಿಯಿತು.

ಬಾಗಿಲು ತೆಗೆದಾಗ ಚಂದ್ರಾಮಪ್ಪ ಅಡ್ಡ ನಿಂತಿದ್ದ. ಹೊರಗೆ ನಿಂತು ಧೈರ್ಯ ತಂದುಕೊಂಡಿದ್ದ. ಸೀರೆ ಉಟ್ಟ ಹೆಣ ತಮ್ಮ ಹೊಲಕ್ಕೆ ಬರುವುದಿಲ್ಲ, ಬೇರೆ ಎಲ್ಲಾದರೂ ಜಾಗ ನೋಡಿಕೊಳ್ಳಿ ಎಂದ. ನನಗೆ ಬೇರೆ ಜಾಗವಿರಲಿಲ್ಲ. ನಮ್ಮ ಮನೆಯವರನ್ನು ಮಣ್ಣು ಮಾಡುವ ಹೊಲ ಅವನ ಕೈಯಲ್ಲಿತ್ತು. ಮಂದಿ ಹೌದೆಂದು ತಲೆಯಾಡಿಸಿದರು.

ಆಗ ಧಮ್ಮಪಾಲ ಬಂದ. ನಮ್ಮ ಊರಿನಲ್ಲಿ ಕುಣಿ ತೋಡುವವನು ಅವನು. ಸತ್ತವರ ಪಾದದಿಂದಲೇ ನಮ್ಮಲ್ಲಿ ಕುಣಿ ಅಳೆಯುತ್ತಾರೆ. ಬೆಳಕು ಹರಿಯುವಾಗಲೇ ಬಂದು ಒಂದು ಕಡ್ಡಿಯಿಂದ ನನ್ನ ಮಗಳ ಪಾದ ಅಳೆದು ಮುರಿದುಕೊಂಡು ಹೋಗಿದ್ದ. ಈಗ ಆ ಕಡ್ಡಿ ಕಿವಿಯ ಮೇಲಿತ್ತು. ಮೈ ತುಂಬ ಕರಿಮಣ್ಣು. ಕುಣಿ ತಯಾರಾಗಿ ಬಹಳ ಹೊತ್ತಾಯಿತು ಎಂದು ಹೇಳಲು ಬಂದವನು ಚಂದ್ರಾಮಪ್ಪನ ಮಾತು ಕೇಳಿಸಿಕೊಂಡ. ತಲೆ ಕೆರೆದುಕೊಂಡ.

"ಹಂಗಾದ್ರ ಖಾಲಿ ಮುಚ್ಚಬೇಕೇನ್ರಿ ಗೌಡ್ರ?"

ಮುಚ್ಚು ಎಂದ ಚಂದ್ರಾಮಪ್ಪ.

"ಮುಚ್ಚತೇನಿ. ನಂದೇನದ. ಆದ್ರ ತೋಡಿದ ಕುಣಿ ಖಾಲಿ ಮುಚ್ಚಿದ್ರ ಅದು ಅದೇ ಮನಿಯಾಗಿಂದ ಇನ್ನೊಬ್ರನ್ನ ಕೇಳ್ತದಂತಾರ. ನಿಮಗ ಗೊತ್ತಿದ್ದದ್ದೇ." ಅವನು ಕಿವಿಯ ಮೇಲಿನ ಕಡ್ಡಿ ತೆಗೆದ. ಬಗ್ಗಿ ಚಂದ್ರಾಮಪ್ಪನ ಪಾದದ ಪಕ್ಕದಲ್ಲಿ ಹಿಡಿದ. ಅತ್ತಿತ್ತ ನೋಡಿ, "ಅಳತಿ ಸರಿ ಅದ ನೋಡ್ರಿ" ಎಂದ.

ಚಂದ್ರಾಮಪ್ಪನ ಕೈಯಲ್ಲಿದ್ದ ಪಟ್ಟಿ ಚೀರಿತು. ಅದನ್ನು ಬಿಚ್ಚಲು ಎಲ್ಲರೂ ಮರೆತಿದ್ದರು. ಪ್ರೊಫೆಸರರ ಫೋನು ರಕ್ತದ ಹಾಗೆ ಕೆಂಪಾಯಿತು. ನೆಮ್ಮದಿಯಾಗಿ ಕುಳಿತು ಆಳವಾಗಿ ಉಸಿರಾಡಿ ಎಂದು ಅಕ್ಷರ ಬಂತು. ಪ್ರೊಫೆಸರರು ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ಚಂದ್ರಾಮಪ್ಪ ಬಾಗಿಲ ಹೊಸ್ತಿಲ ಮೇಲೆ ಕುಳಿತ. ಉಸಿರಾಡಿದ. ಮನೆಯಲ್ಲಿ ಮುಂದಿನ ಹಿರಿಯನು ತಾನೇ ಎಂದು ಅವನಿಗೆ ಆಗ ನೆನಪಾಗಿರಬೇಕು.

"ಒಯ್ರಿ. ಲಗೂನ ಒಯ್ರಿ" ಎಂದ.

ಬಿದಿರಿನ ಪೀಠದ ಮೇಲೆ ಅವಳನ್ನು ಕೂಡಿಸಿದೆವು. ಹೊರಲು ನಾಲ್ಕು ಹೆಗಲು ಬೇಕು. ಬೀದಿಯ ಗಂಡಸರು ತಮ್ಮ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಧಮ್ಮಪಾಲ ಒಂದು ಕಡೆ ಹೆಗಲು ಕೊಟ್ಟ. ಮುಮತಾಜ ಒಂದು ಕಡೆ. ಶಾಹೀನ ಒಂದು ಕಡೆ. ಇನ್ನೊಂದು ಕಡೆ ನಾನು. ಹೆಂಗಸರು ಹೆಣ ಹೊರುವುದು ಪದ್ಧತಿಯಲ್ಲ. ಚೀಲ ಹೊತ್ತು ಮುಮತಾಜಳ ಹೆಗಲು ಪಳಗಿತ್ತು. ನನ್ನದು ಪಳಗಿರಲಿಲ್ಲ, ಆದರೂ ಹೊತ್ತಿತು. ಅವಳು ನಮ್ಮ ಮೇಲೆ ಹಸಿರು ಸೀರೆ ಉಟ್ಟು, ಉಡಿ ತುಂಬಿಕೊಂಡು, ಹಗಲು ಹೊತ್ತಿನಲ್ಲಿ ಊರ ನಡುವೆ ಹೋದಳು. ಕಟ್ಟೆಯ ಮೇಲೆ ಕುಳಿತವರು ಏನೂ ಎನ್ನಲಿಲ್ಲ. ಪ್ರೊಫೆಸರರು ಹಿಂದೆ ಹೂವಿನ ಗೊಂಚಲು ಹಿಡಿದು ಬಂದರು. ಹೊಳೆಯುವ ಕಾಗದವನ್ನು ತೆಗೆದಿದ್ದರು. ಅವರಿಗೂ ಅಷ್ಟು ತಿಳಿದಿತ್ತು.

ಕುಣಿಯೊಳಗೆ ಕೂಡಿಸಿ, ಅಯ್ಯನವರು ಮಂತ್ರ ಹೇಳಿ, ವಿಭೂತಿ, ಪತ್ರಿ, ಉಪ್ಪು ಹಾಕಿದರು. ಮೊದಲು ಮಡಿಲು ಮುಚ್ಚಿತು. ಆಮೇಲೆ ಕೈ ಮುಚ್ಚಿತು. ಪ್ರೊಫೆಸರರು ಶಾಹೀನಳ ಕಿವಿಯಲ್ಲಿ ಪಟ್ಟಿಯ ವಿಷಯ ಕೇಳಿದರು. ಅವಳು, "ಸರ್, ಆಕೀ ಹತ್ರನೇ ಇರಲಿ" ಎಂದಷ್ಟೇ ಹೇಳಿದಳು. ಅವರು ಮತ್ತೆ ಕೇಳಲಿಲ್ಲ.

ಮಣ್ಣು ಎದೆಯವರೆಗೆ ಬಂದಾಗ ಕೆಳಗಿನಿಂದ ಮತ್ತೆ ಆ ಸಪ್ಪಳ ಕೇಳಿತು. ಗುರ್ ಗುರ್ ಎಂದು. ಬಹಳ ಹೊತ್ತಿನಿಂದ ಕುಳಿತಿದ್ದೀರಿ ಎಂದು ಅದು ಹೇಳುತ್ತಿತ್ತು. ಈ ಸಲ ಯಾರೂ ಓಡಲಿಲ್ಲ. ಧಮ್ಮಪಾಲ ಸಲಿಕೆ ನಿಲ್ಲಿಸಿ, ಅದು ಸುಮ್ಮನಾಗುವವರೆಗೆ ಕಾದ.

ನಮಗೆ ಸಾವಿನ ಸೂತಕವಿಲ್ಲ. ಬಸವಣ್ಣನವರು ಅದನ್ನು ಕಿತ್ತು ಹಾಕಿದ್ದಾರೆ. ಆದ್ದರಿಂದ ಮರುದಿನ ಮುಂಜಾನೆ ಪೂಜೆ ಮುಗಿಸಿ, ಮುಮತಾಜಳ ಜೊತೆಗೆ ಆಳಂದದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನೀರು ಕುಡಿದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮತ್ತೊಂದು ಬಾಟಲಿ ಕುಡಿದೆ. ಮಿಲ್ಲಿನ ಅಂಗಳ ದಾಟಿ ನೇರವಾಗಿ ಬಳೆಯ ಚಿತ್ರದ ಬಾಗಿಲ ಮುಂದೆ ನಿಂತೆ. ಮುಕಾದಮ ಬಂದು ಯಾರು ಬೇಕೆಂದು ಕೇಳಿದ.

"ಭಾಗ್ಯಜ್ಯೋತಿ ಅವ್ವ. ಉಚ್ಚಿಗಿ ಬಂದೇನಿ."

ಅವನು ನನ್ನ ಬಿಳಿ ಕೂದಲು ನೋಡಿದ. ಹಣೆಯ ವಿಭೂತಿ ನೋಡಿದ. ಯಂತ್ರ ನಿಲ್ಲಿಸಿ ನಮ್ಮ ಕಡೆ ತಿರುಗಿದ್ದ ಹೆಂಗಸರನ್ನು ನೋಡಿದ. ಸೊಂಟದಿಂದ ಕೀಲಿ ತೆಗೆದು ನನ್ನ ಕೈಗೆ ಕೊಟ್ಟ. ನಾನು ಬೀಗ ತೆಗೆದೆ. ಬೀಗವನ್ನೂ ಕೀಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋಗಿ ಚಿಲಕ ಹಾಕಿದೆ. ಅವಸರ ಮಾಡಲಿಲ್ಲ.

ಹೊರಗಿನಿಂದ ಅವನು ಬಾಗಿಲು ಬಡಿದ. ಅಮ್ಮಾವರ, ಕೀಲಿ ಹೊರಗ ಕೊಡ್ರಿ ಎಂದ. ಕೆಳಗೆ ಕಪ್ಪು ತೂತು ಇತ್ತು. ಮೊದಲು ಬೀಗವನ್ನು ಅದರೊಳಗೆ ಬಿಟ್ಟೆ. ಆಮೇಲೆ ಕೀಲಿಯನ್ನು ಬಿಟ್ಟೆ. ಬಕೆಟ್ಟಿನ ನೀರನ್ನೆಲ್ಲ ಅದರ ಮೇಲೆ ಸುರಿದೆ.

ಬಾಗಿಲನ್ನು ತೆರೆದೇ ಬಿಟ್ಟು ಬಂದೆ.